ಕೊನೆಯ ಅರ್ಧ ಗಂಟೆ

ಲಕ್ಷ್ಮೀಪುರಂ, ಮೈಸೂರು
೧೯ ಜೂನ್ ೨೦೨೫

ಪ್ರೀತಿಯ ಮಂಜುಳಾ,

ಮಂಡಿನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ಮೊಮ್ಮಗಳಿಗೆ ಹಲ್ಲು ಬಂತಂತೆ, ಶಿಲ್ಪಶ್ರೀ ಫೋಟೋ ಕಳಿಸಿದ್ದಳು. ಬಾಣಂತನಕ್ಕೆಂದು ಮಗಳ ಮನೆಗೆ ಹೋದ ನೀನು, "ಅವಳು ಕೆಲಸಕ್ಕೆ ಹೋಗಬೇಕು, ನಾನು ಚಿತ್ರದುರ್ಗದಲ್ಲೇ ಇದ್ದುಬಿಡ್ಲಾ?" ಎಂದು ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲೇ ಉತ್ತರ ಹೇಳೋಣವೆಂದರೆ ಮಗು ಅಳುತ್ತದೆ. ನೀನು "ಆಮೇಲೆ ಮಾಡ್ತೀನಿ ಕಣ್ರೀ" ಎನ್ನುತ್ತೀಯ. ಆ ಆಮೇಲೆ ಬರುವುದೇ ಇಲ್ಲ. ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನಂಬುತ್ತೀಯಾ? ಸುಸ್ತಾಗಿದೆ. ಲಷ್ಕರ್ ಮೊಹಲ್ಲಾದ ನಮ್ಮ ಅಂಗಡಿಗೆ ಮಧ್ಯಾಹ್ನದ ಹೊತ್ತು ವಿಭೂತಿ, ಊದುಬತ್ತಿ ಕೇಳಿಕೊಂಡು ಯಾರೂ ಬರುವುದಿಲ್ಲ. ಮನೆಯಲ್ಲಿ ಬೆಳಗಿನ ಸಾರೇ ರಾತ್ರಿಗೂ. ಅದಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಉಣ್ಣಲು ಕೂತಾಗಲೇ ಗೊತ್ತಾಗುವುದು. ಬೇಸರ ಹತ್ತಿ ಅಂಗಡಿ ಬಾಗಿಲು ಎಳೆದು ಹತ್ತಿರದ ಲೈಬ್ರರಿಗೆ ಹೋಗತೊಡಗಿದೆ. ಪೇಪರ್ ಓದಲು ಹೋದವನಿಗೆ ಹಿಂದಿನ ಕೋಣೆಯಲ್ಲಿ ಒಂದು ಕಪಾಟಿನ ತುಂಬ ಹಳೆಯ ಸಿನಿಮಾಗಳ ಡಿವಿಡಿ ಕಾಣಿಸಿದವು. ಯಾರೋ ಪುಣ್ಯಾತ್ಮರು ಕೊಟ್ಟು ಹೋದದ್ದಂತೆ. ಅಲ್ಲಿ ಕೆಲಸ ಮಾಡುವ ಹುಡುಗಿ ರಕ್ಷಿತಾ "ಹಾಕ್ಕೊಡ್ಲಾ ಸಾರ್? ಯಾರೂ ನೋಡೋರೇ ಇಲ್ಲ" ಎಂದು ಟಿವಿ ಹಚ್ಚಿದಳು. ಅಷ್ಟೂ ನಾವು ಮ್ಯಾಟ್ನಿಯಲ್ಲಿ ನೋಡಿದ ಕಪ್ಪುಬಿಳುಪು ಚಿತ್ರಗಳೇ ಮಂಜುಳಾ!

ನೋಡಿದವು ಎನ್ನಬಾರದು, ಮುಕ್ಕಾಲು ನೋಡಿದವು. ಅವ್ವ ಸಂಜೆ ಲಿಂಗಪೂಜೆಗೆ ಕೂರುವ ಮೊದಲು ಸೊಸೆಯೇ ದೀಪ ಹಚ್ಚಿ ನೀರು, ಪತ್ರೆ ಅಣಿಮಾಡಬೇಕಿತ್ತಲ್ಲ. ಸಿನಿಮಾ ಇನ್ನರ್ಧ ಗಂಟೆ ಇದೆ ಎನ್ನುವಾಗ ನೀನು ನನ್ನ ತೋಳು ತಿವಿದು "ಏಳ್ರೀ, ಅತ್ತೆ ಕಾಯ್ತಿರ್ತಾರೆ" ಎನ್ನುತ್ತಿದ್ದೆ. ಕತ್ತಲಲ್ಲಿ ಅವರಿವರ ಕಾಲು ತುಳಿದು, ಬೈಸಿಕೊಂಡು ಹೊರಬರುತ್ತಿದ್ದೆವು. ಸ್ಕೂಟರ್ ಮನೆ ಮುಟ್ಟುವುದರೊಳಗೆ ಉಳಿದ ಕಥೆಯನ್ನು ನೀನೇ ಮುಗಿಸುತ್ತಿದ್ದೆ. ಕಳೆದುಹೋದ ಮಗು ಸಿಗುತ್ತಿತ್ತು, ಕಣ್ಣಿಲ್ಲದವಳಿಗೆ ಕಣ್ಣು ಬರುತ್ತಿತ್ತು. ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೆಯೆಂದರೆ, ಅದೇ ನಿಜವೆಂದು ನಾನು ಪಕ್ಕದಂಗಡಿಯ ದೊರೆಸ್ವಾಮಿಗೆ ಇಷ್ಟು ವರ್ಷ ಹೇಳಿಕೊಂಡು ಬಂದೆ.

ಈಗ ಅವ್ವನಿಲ್ಲ, ನೀನೂ ಇಲ್ಲ. ಮನೆಯಲ್ಲಿ ಕಾಯುವವರಿಲ್ಲದ್ದರಿಂದ ಕೊನೆಯವರೆಗೂ ಕೂತೆ. ನೀನು ಬದುಕಿಸಿದವರೆಲ್ಲ ಸತ್ತೇಹೋದರು ಕಣೇ! ಒಂದರಲ್ಲಿ ದೋಣಿಯವನು ಮುಳುಗಿದ. ಇನ್ನೊಂದರಲ್ಲಿ ಮುನಿಸಿಕೊಂಡು ತವರಿಗೆ ಹೋದ ಮೇಷ್ಟ್ರ ಹೆಂಡತಿ ತಿರುಗಿ ಬರಲೇ ಇಲ್ಲ. ನೀನೋ ಅವಳನ್ನು ಜಟಕಾದಲ್ಲಿ ಕರೆತಂದು, ಮೇಷ್ಟ್ರ ಕೈಯಲ್ಲಿ ಕಾಫಿಯನ್ನೂ ಮಾಡಿಸಿದ್ದೆ. ದೊರೆಸ್ವಾಮಿಗೆ ಹೇಳಿದರೆ "ಇಷ್ಟು ದಿನ ನಂಗೆ ಟೋಪಿ ಹಾಕ್ಬುಟ್ಯಲ್ಲಪ್ಪ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಮೇಷ್ಟ್ರ ಖಾಲಿ ಮನೆಯನ್ನು ತೋರಿಸಿ ಚಿತ್ರ ಮುಗಿಸಿದ್ದರು. ಆವತ್ತು ನಮ್ಮ ಮನೆಯ ಬೀಗ ತೆಗೆಯಲು ಮನಸ್ಸಾಗಲಿಲ್ಲ, ಜಗಲಿಯ ಮೇಲೇ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನು ನಿನ್ನ ಪ್ರಶ್ನೆ. ಅಂಗಡಿ ಬಿಟ್ಟು ನಾನು ಅಲ್ಲಿಗೆ ಬರಲಾರೆ. ಮಗುವನ್ನು ಬಿಟ್ಟು ಬಾ ಎನ್ನಲೂ ನಾಲಿಗೆ ಏಳುವುದಿಲ್ಲ. ನಿನ್ನ ಇಷ್ಟದಂತೆ ಮಾಡು.

ಶಿಲ್ಪಶ್ರೀಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ನಾನು ಕಳಿಸಿದ ವಿಭೂತಿಯನ್ನು ಮಗುವಿನ ಹಣೆಗೆ ದಿನವೂ ಇಡು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಶಿವಮಲ್ಲಪ್ಪ

ತಾ.ಕ.: ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸ್ ಬಂದು ಬರೆಯುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ನಾವು ನೋಡಿದ ಮೊದಲ ಚಿತ್ರವೂ ಆ ಕಪಾಟಿನಲ್ಲಿದೆ. ಆವತ್ತು ನಾಚಿಕೆಯಿಂದ ನೀನು ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಹಾಗಾಗಿ ಅದಕ್ಕೆ ನಿನ್ನ ಅಂತ್ಯವೂ ಇಲ್ಲ. ನಿನ್ನೆ ಹಾಕಿಸಿದೆ. ನಾವು ಎದ್ದುಬಂದ ಜಾಗ ಬರುತ್ತಲೇ ಎದ್ದುಬಿಟ್ಟೆ. "ಯಾಕ್ ಸಾರ್, ಇನ್ನೂ ಅರ್ಧ ಗಂಟೆ ಇದೆ" ಎಂದಳು ರಕ್ಷಿತಾ. "ನಮ್ಮನೆಯವ್ರು ಬಂದ್ಮೇಲೆ ಹಾಕಮ್ಮ" ಎಂದು ಬಾಯಿಗೆ ಬಂದೇಬಿಟ್ಟಿತು. ನಿನ್ನ ಇಷ್ಟ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಬಿಡು. ಏಳು ಮಂಜುಳಾ, ನಾನು ಕಾಯುತ್ತಿದ್ದೇನೆ.