ಹೆಚ್ಚಿದ ಗುಳಿಗೆ

ಕೊಪ್ಪಳ
೧೪ ಜುಲೈ ೨೦೨೫

ಪ್ರೀತಿಯ ಅನ್ನಪೂರ್ಣಾ,

ಹೇಗಿದ್ದೀಯ? ತಲೆಶೂಲೆ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತು ಎಂದು ಕೇಳುವ ಮುಖವೂ ನನಗಿಲ್ಲ. ಅದಕ್ಕೇ ಕಾಗದ. ಓದದೆ ಹರಿದು ಹಾಕಬೇಡ ಮಾರಾಯ್ತಿ, ಕೊನೆಯವರೆಗೆ ಓದು.

ಮೊನ್ನೆ ಬೇವೂರಿಗೆ ಹೋಗಿದ್ದೆ. ನೀನು ತವರಿಗೆ ಹೋದಮೇಲೆ ನಿನ್ನ ಗಂಡ ಗವಿಸಿದ್ದೇಶನೇ ರೊಟ್ಟಿ ಬಡಿಯುತ್ತಾನೆ. ನನ್ನ ತಮ್ಮ ಮಾಡಿದ ರೊಟ್ಟಿ ನೋಡಿದರೆ ನಿನಗೂ ನಗು ಬರುತ್ತಿತ್ತು. ನನಗೆ ಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಅವ್ವನ ಬಿಪಿ ಗುಳಿಗೆಯ ಡಬ್ಬಿ ಹಾಗೇ ಇದೆ, ಖಾಲಿ.

ಅವ್ವ ಯಾವತ್ತೂ 'ಇಲ್ಲ', 'ಮುಗೀತು' ಅಂದವಳಲ್ಲ. ಹಾಗೆ ಅಂದರೆ ಮನೆ ಬರಿದಾಗುತ್ತದೆ ಎಂಬ ಅಂಜಿಕೆ. ಬಳೆ ಒಡೆದರೆ 'ಬಳಿ ಹೆಚ್ಚ್ಯಾವ', ಅಕ್ಕಿ ತೀರಿದರೆ 'ಅಕ್ಕಿ ಹೆಚ್ಚ್ಯಾವ'. ಚಿಕ್ಕವಳಿದ್ದಾಗ ನಾನು ಆ ಮಾತು ಕಿವಿಗೆ ಬಿದ್ದೊಡನೆ ಚೀಲ ಹಿಡಿದು ಅಂಗಡಿಗೆ ಓಡುತ್ತಿದ್ದೆ. ನೀನು ಗಂಗಾವತಿ ಕಾಲುವೆ ಕಡೆ ಆಂಧ್ರದಿಂದ ಬಂದ ರೈತರ ಕ್ಯಾಂಪಿನಲ್ಲಿ ತೆಲುಗು ಆಡಿಕೊಂಡು ಬೆಳೆದವಳು, ನಿನಗೆ ಹೆಚ್ಚು ಎಂದರೆ ಹೆಚ್ಚೇ. ಪದದ ಅರ್ಥ ಇರುವುದು ನಿಘಂಟಿನಲ್ಲಲ್ಲ, ಆಡುವವರ ಬದುಕಿನಲ್ಲಿ ಎಂದು ಹದಿನೇಳು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ನೀನು ನಮ್ಮ ಮನೆಗೆ ಬಂದು ಎಂಟು ತಿಂಗಳಾದರೂ ಈ ಒಂದು ಪದ ನಿನಗೆ ಹೇಳಿಕೊಡಲಿಲ್ಲ ನೋಡು.

ಯಲಬುರ್ಗಾ ಪೇಟೆಯಿಂದ ಗುಳಿಗೆ ತರುವ ಕೆಲಸ ನಿನ್ನದಾಗಿತ್ತು. 'ಗುಳಿಗಿ ಹೆಚ್ಚ್ಯಾವ' ಎಂದು ಅವ್ವ ಹೇಳಿದಳು. ತಂದುಕೊಡು ಎಂದು ಕೇಳಿದ ಹಾಗಾಯಿತು ಎಂದುಕೊಂಡಳು ಅವಳು. ಇನ್ನೂ ಬೇಕಾದಷ್ಟಿವೆ ಎಂದುಕೊಂಡೆ ನೀನು. ಸೊಸೆಯನ್ನು ಎರಡೆರಡು ಸಲ ಕೇಳುವುದೇ ಎಂಬ ಬಿಗುಮಾನ ಬೇರೆ ಅವಳಿಗೆ. ಹನ್ನೆರಡು ದಿನ ಗುಳಿಗೆಯಿಲ್ಲದೆ ಇದ್ದಳು, ಹದಿಮೂರನೇ ಬೆಳಿಗ್ಗೆ ಒಲೆಯ ಮುಂದೆ ಬಿದ್ದಳು. ಮಣ್ಣು ಮಾಡಿದ ಮೂರನೇ ದಿನ ಎಲ್ಲರ ಎದುರಿಗೆ ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: 'ಹೆಚ್ಚ್ಯಾವ ಅಂದಿದ್ರು ರಿ, ಅದಕ್ಕ ತರಲಿಲ್ಲ.' ಗವಿಸಿದ್ದೇಶ ಎದ್ದು ನಿಂತು, 'ಅಷ್ಟೂ ತಿಳೀಲಿಲ್ಲೇನು ನಿನಗ? ನಮ್ಮವ್ವನ್ನ ನೀನ ಕೊಂದಿ' ಅಂದ. ಕನ್ನಡ ಕಲಿಸುವವಳು, ಇವಳಾದರೂ ಒಂದು ಮಾತು ಆಡಿಯಾಳು ಎಂದು ನೀನು ನನ್ನ ಕಡೆ ನೋಡಿದೆ. ನಾನು ನೆಲ ನೋಡಿದೆ. ಮರುದಿನ ನಿಮ್ಮಪ್ಪ ಬಂದು ನಿನ್ನನ್ನು ಕರೆದುಕೊಂಡು ಹೋದರು. ಆಗಲೂ ನಾನು ಬಾಗಿಲವರೆಗೆ ಬರಲಿಲ್ಲ. ಅದನ್ನು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಅಪ್ಪ ಅಮ್ಮನಿಗೆ ನನ್ನ ಶರಣು ಹೇಳು. ಅತ್ತೆಯ ಸಾವು ನಿನ್ನ ತಲೆಯ ಮೇಲಿಲ್ಲ, ನಿನಗೆ ಒಳ್ಳೆಯದಾಗಲಿ.

ನಿನ್ನ
ದಾನೇಶ್ವರಿ ಅಕ್ಕ

ತಾ.ಕ.: ಅವ್ವ ಬೀಳುವ ಹಿಂದಿನ ಭಾನುವಾರ ನನಗೂ ಫೋನ್ ಮಾಡಿದ್ದಳು. 'ದಾನೂ, ಗುಳಿಗಿ ಹೆಚ್ಚ್ಯಾವ' ಅಂದಳು. ಉತ್ತರಪತ್ರಿಕೆ ತಿದ್ದುತ್ತಿದ್ದೆ, 'ಹೂಂ' ಅಂದೆ. ಆ ಪದ ನಿನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಮ್ಮನ ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿಲ್ಲ. ಈ ಕಾಗದವನ್ನು ಅವನಿಗೆ ತೋರಿಸು.