ಅವ್ವ ಹೇಳಿದ ಸಾಕ್ಷಿ

ಬೈಲಹೊಂಗಲ
ಸೋಮವಾರ, 18 ನವೆಂಬರ್ 2024

ಪೂನಮಕ್ಕಾ,

ಅವ್ವ ನಿನ್ನ ಕೂಸನ್ನು ಮರೆತಿಲ್ಲ. ಮರೆತಳೆಂದು ನೀನು ಬರೆದಿಲ್ಲ, ಬಾಯಿಬಿಟ್ಟು ಅಂದೂ ಇಲ್ಲ. ಆದರೆ ಕೂಸನ್ನು ಮಣ್ಣು ಮಾಡಿದ ಮರು ಭಾನುವಾರವೇ ಅವ್ವ ಪ್ರಾರ್ಥನೆಗೆ ಹೋದಳೆಂದು ಕೇಳಿದ ಮೇಲೆ ನೀನು ಅವಳ ಫೋನು ಎತ್ತಿಲ್ಲ, ನನ್ನದೂ ಎತ್ತಿಲ್ಲ. ಅದರ ಅರ್ಥ ತಿಳಿಯದಷ್ಟು ದಡ್ಡನಲ್ಲ ನಾನು. ತಪ್ಪು ತಿಳಿದಿದ್ದೀ. ಪೂರಾ ತಪ್ಪು.

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟವನು. ವೆಲ್ಡಿಂಗ್ ಮಾಡುವ ಕೈಗೆ ಪೆನ್ನು ಒಗ್ಗುವುದಿಲ್ಲ. ನೀನು ಹೇಗಿದ್ದೀ, ಮಾಮಾ ಹೇಗಿದ್ದಾರೆ? ಊಟವನ್ನಾದರೂ ಮಾಡುತ್ತೀಯೋ ಇಲ್ಲವೋ? ಇಲ್ಲಿ ಕಬ್ಬಿನ ಹಂಗಾಮು, ಟ್ರೇಲರ್ ಕೆಲಸ ಜೋರಾಗಿದೆ. ಮಾಲಕ ವೀರಪ್ಪ ದಿನಾ ಬೈಯುತ್ತಾನೆ, ನಾನೂ ದಿನಾ ತಿರುಗಿ ಬೈಯುತ್ತೇನೆ. ಹೀಗೇ ನಡೆದಿದೆ.

ವಿಷಯಕ್ಕೆ ಬರುತ್ತೇನೆ. ಪ್ರಾರ್ಥನಾ ಮನೆಯಲ್ಲಿ ಹೆಂಗಸರ ಮುಂದೆ ಕುಳಿತು ಹಾಡು ಹೇಳಿಸುತ್ತಾಳಲ್ಲ, ಆ ಶಟ್ಟೆವ್ವ, ದವಾಖಾನೆಯ ಬಾಗಿಲಲ್ಲೇ ನಿನಗೆ ಅಂದ ಮಾತು ನನ್ನ ತಲೆಯಲ್ಲಿ ಇನ್ನೂ ಕುದಿಯುತ್ತಿದೆ: “ನಂಬಿಗಿ ಗಟ್ಟಿ ಇದ್ದಿದ್ರ ಕೂಸು ಉಳೀತಿತ್ತು ಬಿಡವ್ವಾ.” ಅಂದಿನಿಂದ ನಾನು ಪ್ರಾರ್ಥನಾ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅವ್ವನನ್ನು ಬೈಕಿನ ಮೇಲೆ ತಂದು ಬಿಡುವುದು, ಮುಗಿಯುವ ತನಕ ಹೊರಗೆ ನಿಲ್ಲುವುದು, ಅಷ್ಟೇ.

ನಿನ್ನೆಯೂ ಕಿಟಕಿಯ ಹೊರಗೆ ನಿಂತಿದ್ದೆ. ಸಾಕ್ಷಿ ಹೇಳುವ ಹೊತ್ತು. ನಿನಗೆ ಗೊತ್ತೇ ಇದೆ: ಒಬ್ಬೊಬ್ಬರೇ ಎದ್ದು ಜ್ವರ ಬಿಟ್ಟದ್ದು, ಮಗನಿಗೆ ಕನ್ಯೆ ಸಿಕ್ಕದ್ದು, ಬೋರಿಗೆ ನೀರು ಬಿದ್ದದ್ದು ಹೇಳಿ ‘ದೇವರಿಗೆ ಸ್ತೋತ್ರ’ ಅನ್ನುವುದು. ಇಷ್ಟು ವರ್ಷದಲ್ಲಿ ಅವ್ವ ಒಮ್ಮೆಯೂ ಎದ್ದವಳಲ್ಲ. ಶಟ್ಟೆವ್ವ ಅವಳನ್ನು ಮೊಣಕೈಯಿಂದ ತಿವಿದಳು. “ಏಳ ಕೆಂಪವ್ವಾ, ನೀನೂ ಒಂದು ಸಾಕ್ಷಿ ಕೊಡು.”

ಅವ್ವನಿಗೆ ಗೊತ್ತಿದ್ದ ಸಾಕ್ಷಿ ಒಂದೇ, ಸವದತ್ತಿ ಕೋರ್ಟಿನದು. ಚಚಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಾಯ್ದು ಮುದುಕನೊಬ್ಬ ಸತ್ತಾಗ ಕಂಡವಳು ಇವಳು. ವಕೀಲರು ಹೇಳಿಕೊಟ್ಟು ನಿಲ್ಲಿಸಿದ್ದರು. ಎದ್ದವಳೇ ಸೆರಗು ಹೊದ್ದು, ಕೋರ್ಟಿನಲ್ಲಿ ಮಾಡಿದ ಹಾಗೆಯೇ ಬಲಗೈ ಮೇಲೆತ್ತಿದಳು.

“ನಾ ಕಣ್ಣಾರೆ ನೋಡಿದ್ದಷ್ಟ ಹೇಳ್ತೇನ್ರಿ. ಸುಳ್ಳು ಹೇಳಂಗಿಲ್ಲ.”

ಎಲ್ಲರೂ ನಕ್ಕರು. ನನಗೂ ನಗು ಬಂತು.

“ನನ್ನ ಮಗಳ ಕೂಸು ಉಸುರು ಸಿಗದ ನೀಲಿ ಆತ್ರಿ. ಉಳಸಪ್ಪಾ ಅಂತ ದೇವರನ್ನ ಬೇಡಕೊಂಡೆ. ಉಳಸಲಿಲ್ಲ. ಇದು ನಾ ನೋಡಿದ್ದು.”

ನಗು ನಿಂತಿತು.

“ಮಗಳ ನಂಬಿಗಿ ಕಡಿಮಿ ಇತ್ತು ಅಂತಾರ. ಅದನ್ನ ನಾ ನೋಡಿಲ್ರಿ. ಹಸಿ ಬಾಣಂತಿ, ದವಾಖಾನಿ ನೆಲದ ಫರಸಿಗೆ ಹಣಿ ಹಚ್ಚಿ ಬೇಡಿದ್ದು ನೋಡೇನಿ. ಅಷ್ಟು ನಂಬಿಗಿ ನಿಮ್ಮಲ್ಲಿ ಯಾರ ಹತ್ರನೂ ನೋಡಿಲ್ಲ. ನನ್ನ ಹತ್ರನೂ ಇಲ್ಲ.”

ಪಾಸ್ಟರ್ ಮೆಲ್ಲಗೆ ಕೇಳಿದರು: “ಹಂಗಾರ ದೇವರು ಯಾಕ ಹಿಂಗ ಮಾಡಿದಾ ಅಂತೀರಿ, ಯವ್ವಾ?”

“ಗೊತ್ತಿಲ್ರಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕು ಅಂತ ವಕೀಲರು ಹೇಳ್ಯಾರ. ನೀವೂ ಆತನ ಪರವಾಗಿ ವಕೀಲಕಿ ಮಾಡಬ್ಯಾಡ್ರಿ. ಆತನ ಉತ್ರ ಆತನ ಕೊಡಲಿ. ಕೊಡೂತನಕ ನಾ ಬರೂದು ಬಿಡಂಗಿಲ್ಲ. ಸಿಟ್ಟು ಐತ್ರಿ. ಆದರ ಆತನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ನನ್ನ ಮೊಮ್ಮಗ ಆತನ ಕಡೇನ ಅದಾನಲ್ಲ.”

ಕೈ ಇಳಿಸಿ ಕುಳಿತಳು. ಸ್ತೋತ್ರ ಅನ್ನುವುದನ್ನೇ ಮರೆತಳು. ಯಾರೂ ಹಲ್ಲೆಲೂಯ ಅನ್ನಲಿಲ್ಲ.

ಅಕ್ಕಾ, ಹೇಗೆ ಹೇಳಲಿ. ಆ ತಗಡಿನ ಶೆಡ್ಡಿನೊಳಗೆ ಯಾರೋ ಬಂದು, ಅವಳ ಎದುರಿಗೆ ನಿಂತು, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ಪಾಸ್ಟರ್ ಪುಸ್ತಕ ಮುಚ್ಚಿ, ಜನರ ನಡುವೆ ನೆಲದ ಮೇಲೆಯೇ ಕುಳಿತುಬಿಟ್ಟರು. ಚಪ್ಪಲಿ ಯಾವಾಗ ಬಿಟ್ಟೆನೋ ಗೊತ್ತಿಲ್ಲ. ನೋಡಿದರೆ ನಾನೂ ಒಳಗಿದ್ದೆ. ಹೊಗಳಿದವರಿಗೆ ಕೊಡುವ, ಹೊಗಳದವರನ್ನು ಬಡಿಯುವ ಸಣ್ಣ ದೇವರು ಇವರದು ಎಂದುಕೊಂಡಿದ್ದೆ. ಅವ್ವನ ಸಿಟ್ಟನ್ನೂ ತನ್ನೊಳಗೆ ಹಿಡಿಸಿಕೊಳ್ಳುವಷ್ಟು ದೊಡ್ಡವನು ಆತ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬರುವಾಗ ಅವ್ವ ಬೈಕಿನ ಹಿಂದೆ ಕುಳಿತು, “ತಪ್ಪು ಹೇಳಿದ್ನೇನೋ ಅಜಿತಾ? ಎಲ್ಲಾರೂ ಸುಮ್ಮನಾದ್ರಲ್ಲ” ಅಂದಳು. “ಇಲ್ಲಬೇ, ಬರೋಬರಿ ಹೇಳಿದಿ” ಅಂದೆ. ಅವಳಿಗೆ ರಾಮದುರ್ಗಕ್ಕೆ, ನಿನ್ನ ಹತ್ತಿರ ಬರಬೇಕಾಗಿದೆ. “ಆಕಿ ಪ್ರಾರ್ಥನಾ ಮಾಡೂದು ಬ್ಯಾಡ, ನನ್ನ ಕೂಡ ಮಾತಾಡೂದೂ ಬ್ಯಾಡ. ಬಾಜೂಕ ಕುಂದರ್ತೇನಿ, ಅಷ್ಟ” ಎನ್ನುತ್ತಾಳೆ. ಒಲ್ಲೆ ಅನ್ನಬೇಡ ಅಕ್ಕಾ.

ಮಾಮಾಗೆ ನಮಸ್ಕಾರ. ನಿನ್ನ ತಲೆಯ ಮೇಲೆ ಅವ್ವನ ಕೈ ಇರಲಿ, ಆತನದೂ ಇರಲಿ.

ನಿನ್ನ ತಮ್ಮ,
ಅಜಿತ

ತಾ.ಕ.: ಒಂದು ಮಾತು ಉಳಿಯಿತು. ಆ ದಿನ ನಾನೂ ಬೇಡಿದ್ದೆ. ದವಾಖಾನೆಯ ಹೊರಗೆ, ಬೈಕಿನ ಸೀಟಿನ ಮೇಲೆ ತಲೆಯಿಟ್ಟು. ನಿನಗಾದರೂ ನಂಬಿಗೆ ಕಡಿಮೆ ಅಂದರು. ನನಗೆ ಅದನ್ನೂ ಅನ್ನಲಿಲ್ಲ. ಇವನೂ ಬೇಡಿರಬಹುದು ಎಂದು ಯಾರಿಗೂ ಹೊಳೆಯಲೇ ಇಲ್ಲ, ನಿನಗೂ ಸಹ.

ಈಗ ಶಟ್ಟೆವ್ವ ಬಂದು ಕುಳಿತು ನಮ್ಮ ಚಹಾ ಕುಡಿಯುತ್ತಿದ್ದಾಳೆ. “ಪೂನಮ್‌ಗ ಬರಿಯೋ, ಬಂದು ಸಭಾದಾಗ ತಪ್ಪೊಪ್ಪಿಕೋ ಅಂತ” ಎಂದು ನನಗೆ ಹೇಳಿಕೊಡುತ್ತಾಳೆ. “ನೀವ ಹೋಗಿ ಆಕಿ ಮುಂದ ತಪ್ಪೊಪ್ಪಿಕೋರಿ” ಅಂದೆ. “ನೋಡ ಇವನ ಬಾಯಿ, ಸಾಲಿ ಬಿಟ್ಟಾಂವಂದು!” ಅಂದಳು. ಅವ್ವ ಆಗಲೇ ಬುತ್ತಿ ಕಟ್ಟಿಕೊಂಡು ಹೊರಗೆ ಬೈಕಿನ ಹತ್ತಿರ ನಿಂತಿದ್ದಾಳೆ. ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ, ನಾವೇ ತರುತ್ತೇವೆ. ಹೊರಟೆ. ಶಟ್ಟೆವ್ವ ಚಹಾ ಮುಗಿಸಲಿ, ಬಿಡಲಿ. ಬಾಗಿಲನ್ನು ದಢಾರನೆ ಎಳೆದುಕೊಂಡೇ ಹೋಗುತ್ತೇನೆ.