ಪೂಜೆಗೆ ಕೂತ ಕ್ಯಾಲ್ಕುಲಸ್

ತಮ್ಮ ಗುತ್ತೆಪ್ಪ,

ಅತಿ ಗಂಭೀರವಾದ ವಿಷಯ ಮೊದಲು: ಬೆಕ್ಕು ಹಾಲಿನ ನೆಲುವಿನ ಮೇಲೆ ಕಣ್ಣಿಟ್ಟಿದೆ. ಅಡುಗೆಮನೆಯ ಬಾಗಿಲು ಹಾಕು.

ನೀನು ಹುಡುಕುತ್ತಿರುವ ಕ್ಯಾಲ್ಕುಲಸ್ ಪುಸ್ತಕ ಕಳೆದಿಲ್ಲ. ಅವ್ವ ಅದನ್ನು ಕುಡಗೋಲಿನ ಪಕ್ಕ ಮಹಾನವಮಿಯ ಖಂಡೇಪೂಜೆಗೆ ಇಟ್ಟು, ಮೇಲೆ ಚೆಂಡುಹೂ ಏರಿಸಿದ್ದಾಳೆ. ತೆಗೆಯಹೋದ ನನಗೆ ಬೈಗುಳ ಬಿತ್ತು: “ನಾಳೆ ಸಂಜೀಕ ಬನ್ನಿ ಕೊಡೂತನಾ ಮುಟ್ಟಬ್ಯಾಡ! ಎರಡು ಸಲ ತಾನ ಓದಿ ಫೇಲಾಗ್ಯಾನ. ಈ ಸಲ ದೇವ್ರು ನೋಡ್ಕೊಳ್ಳಲಿ.”

ಧಾರವಾಡದ ಬಸ್ಸು ನಾಳೆ ಬೆಳಿಗ್ಗೆಯೇ. ನಾಡಿದ್ದು ಪರೀಕ್ಷೆ. ಇದೂ ಹೋದರೆ ಇಂಜಿನಿಯರಿಂಗ್ ಕಾಲೇಜಿನ ಆಸೆ ಮುಗಿಯಿತೆಂದು ನೀನೇ ಹೇಳಿದ್ದೀ.

ನಾನು ದುಂಡಸಿಗೆ ಹೊರಟೆ. ಕರಿದ ಖಾರದ ತಿಂಡಿ ಕಟ್ಟಿಟ್ಟಿದ್ದೇನೆ, ಬಸ್ಸಿನಲ್ಲಿ ತಿನ್ನು. ಓದಲು ಹೇಗೂ ಏನೂ ಇಲ್ಲ. ಅವ್ವನೊಂದಿಗೆ ಜಗಳ ಬೇಡ. ಆ ಪೂಜೆ ಅವಳು ನಿನಗಾಗಿಯೇ ಮಾಡಿದ್ದು.

ಈ ಸಲವೂ ನೀನು ಪಾಸಾಗುವುದಿಲ್ಲ.